ಲಿಕ್ವಿಡ್ ಸೋಪು ಒಡೆದ ಹಾಲಿನಂತಾಗಿದೆ, ಮೇಲೆ ಎಣ್ಣೆ ತೇಲುತ್ತಿದೆ. ಎಲ್ಲಿ ತಪ್ಪಿದೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮನೆಯಲ್ಲಿ ಲಿಕ್ವಿಡ್ ಸೋಪು ಮಾಡಿದೆ. ತೆಂಗಿನೆಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಲೆಕ್ಕ ಹಾಕಿದಾಗ ಕಾಸ್ಟಿಕ್ ಪೊಟ್ಯಾಶ್ (ಎಣ್ಣೆಯನ್ನು ಸೋಪಾಗಿಸುವ ಕ್ಷಾರ) 120 ಗ್ರಾಂ ಬಂತು, ಅಷ್ಟೇ ತೂಗಿ ಹಾಕಿದೆ. ಸ್ಟೀಲ್ ಪಾತ್ರೆಯಲ್ಲಿ ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದೆ. ಅಂಟು ಅಂಟಾದ ಹಲ್ವದಂತೆ ಬಂತು, ಖುಷಿಯಾಯಿತು.

ಅದರಲ್ಲಿ ಅರ್ಧವನ್ನು ಬೋರ್‌ವೆಲ್ ನೀರಲ್ಲಿ ಕರಗಿಸಿದೆ. ನಮ್ಮದು ಕೋಲಾರದ ಕಡೆ. ಕೈ ಉರಿದೀತು ಅಂತ ಎರಡು ನಿಂಬೆಹಣ್ಣು ಹಿಂಡಿದೆ. ಬೆಳಿಗ್ಗೆ ನೋಡಿದರೆ ಒಡೆದ ಹಾಲು! ಮೇಲೆ ಎಣ್ಣೆ, ಕೆಳಗೆ ನೀರು. ಗಟ್ಟಿಯಾಗಲಿ ಅಂತ ಎರಡು ಚಮಚ ಉಪ್ಪು ಹಾಕಿದೆ, ಇನ್ನೂ ಕೆಟ್ಟಿತು. ಎಲ್ಲಾ ಚೆಲ್ಲಬೇಕಾ?

ಉತ್ತರ: ಚೆಲ್ಲಬೇಡಿ ಮೇಡಂ. ಮೊದಲು ಪೊಟ್ಯಾಶ್ ಡಬ್ಬಿ ಮೇಲೆ ಶುದ್ಧತೆ ಎಷ್ಟು ಅಂತ ಬರೆದಿದೆ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: 90% ಅಂತಿದೆ.

ಉತ್ತರ: ಸಿಕ್ಕಿಬಿದ್ದ ಕಳ್ಳ. 1 ಗ್ರಾಂ ತೆಂಗಿನೆಣ್ಣೆಗೆ 0.257 ಗ್ರಾಂ, ಹರಳೆಣ್ಣೆಗೆ 0.18 ಗ್ರಾಂ ಪೊಟ್ಯಾಶ್ ಬೇಕು. ನಿಮ್ಮ ಎಣ್ಣೆಗೆ 120.8 ಗ್ರಾಂ. ಆದರೆ ಅದು ಪೂರಾ ಶುದ್ಧವಾಗಿದ್ದರೆ ಮಾತ್ರ. ನಿಮ್ಮ 120 ಗ್ರಾಂನಲ್ಲಿ ನಿಜವಾದ ಪೊಟ್ಯಾಶ್ 108 ಗ್ರಾಂ ಅಷ್ಟೇ. ಹಾಗಾಗಿ 50 ಗ್ರಾಂಗಿಂತ ಜಾಸ್ತಿ ಎಣ್ಣೆ ಸೋಪಾಗದೆ ಉಳಿದಿದೆ. ಅದೇ ಮೇಲೆ ತೇಲುತ್ತಿರುವುದು. ಬಾರ್ ಸೋಪಿನಲ್ಲಾದರೆ ಇಷ್ಟು ಎಣ್ಣೆ ಒಳಗೇ ಅಡಗಿ ಕೂರುತ್ತಿತ್ತು, ನೀರಾದ ಸೋಪಿನಲ್ಲಿ ಅಡಗಲು ಜಾಗವಿಲ್ಲ.

ಉಳಿದರ್ಧ ಪೇಸ್ಟ್ ಇದೆಯಲ್ವಾ, ಅದನ್ನು ಉಳಿಸೋಣ. 6 ಗ್ರಾಂ ಪೊಟ್ಯಾಶನ್ನು 20 ಗ್ರಾಂ ನೀರಿಗೆ ಹಾಕಿ ಕರಗಿಸಿ. ಪೊಟ್ಯಾಶ್ ನೀರಿಗೆ ಬೀಳಬೇಕು, ಪೊಟ್ಯಾಶ್ ಮೇಲೆ ನೀರು ಸುರಿಯಬಾರದು. ಗ್ಲೌಸ್, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ತರಬೇಡಿ. ಪೇಸ್ಟ್ ಬಿಸಿ ಮಾಡಿ, ಇದನ್ನು ಕಲಸಿ, ಮತ್ತೆ ಒಂದೆರಡು ಗಂಟೆ ಬೇಯಿಸಿ. ಆಮೇಲೆ 10 ಗ್ರಾಂ ಪೇಸ್ಟನ್ನು 20 ಗ್ರಾಂ ಬಿಸಿನೀರಲ್ಲಿ ಕರಗಿಸಿ ಗಾಜಿನ ಲೋಟದಲ್ಲಿ ಆರಲು ಬಿಡಿ. ತಿಳಿಯಾಗಿದ್ದರೆ ಗೆದ್ದಿರಿ. ಹಾಲಿನಂತಿದ್ದರೆ ಇನ್ನೂ ಬೇಯಬೇಕು. ಒಂದು ತೊಟ್ಟು ಫೀನಾಲ್ಫ್ಥಲೀನ್ (ಕ್ಷಾರ ಇದೆಯೇ ಎಂದು ಬಣ್ಣದಿಂದ ತೋರಿಸುವ ದ್ರವ) ಬಿಟ್ಟಾಗ ಗಾಢ ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ ಅಂತ, ಹಾಗಿರುವಾಗ ಕೈಗೆ ಹಚ್ಚಬೇಡಿ.

ಇನ್ನು ನಿಂಬೆ. ಸೋಪಿಗೆ ಹುಳಿ ಆಗಿಬರುವುದಿಲ್ಲ. ಹುಳಿ ಬಿದ್ದರೆ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುತ್ತದೆ. ಎಣ್ಣೆಯಿಂದ ಮಾಡಿದ ಸೋಪಿನ ಪಿಎಚ್ 9-10 ಇರುವುದೇ ಸಹಜ, ಅದನ್ನು 7ಕ್ಕೆ ಇಳಿಸಲು ಹೋದರೆ ಸೋಪೇ ಉಳಿಯುವುದಿಲ್ಲ. ನಾನೂ ಒಮ್ಮೆ ವಿನೆಗರ್ ಹಾಕಿ ಒಂದು ಬಕೆಟ್ ಹಾಳು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಇನ್ನೊಬ್ಬರು: ನೀರನ್ನು ಮರೆತಿರಿ ಸರ್. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿಕೊಂಡು ಬಿಳಿ ಗಸಿ ಆಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಮತ್ತೆ ಉಪ್ಪು ಬೇಡ. ತೆಂಗಿನೆಣ್ಣೆ ಸೋಪು ತೆಳುವೇ ಇರುತ್ತದೆ, ಉಪ್ಪಿಗೆ ಬಗ್ಗುವುದಿಲ್ಲ. ನೊರೆ ಬರುವ ಪಂಪ್ ಬಾಟಲಿಗೆ ತುಂಬಿಸಿ, ಅದಕ್ಕೆ ತೆಳುವೇ ಚೆನ್ನ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ 6 ಗ್ರಾಂ ಹಾಕಿ ಎರಡು ಗಂಟೆ ಬೇಯಿಸಿದೆ. ಎರಡು ಲೋಟದಲ್ಲಿ ಕರಗಿಸಿ ಪಕ್ಕಪಕ್ಕ ಇಟ್ಟೆ. ಡಿಸ್ಟಿಲ್ಡ್ ವಾಟರ್ ಲೋಟ ಟೀ ಡಿಕಾಕ್ಷನ್ ಥರ ತಿಳಿ, ಆಚೆ ಕಡೆ ಇಟ್ಟ ಪೇಪರಿನ ಅಕ್ಷರ ಓದಬಹುದು. ಬೋರ್ ನೀರಿನದು ಬೆಳ್ಳಗೆ, ತಳದಲ್ಲಿ ಗಸಿ. ಗಾಢ ಗುಲಾಬಿ ಬಣ್ಣ ಬರಲಿಲ್ಲ. ಒಡೆದದ್ದರ ಮೇಲಿನ ಎಣ್ಣೆ ತೆಗೆದು ಉಳಿದದ್ದರಲ್ಲಿ ಅಂಗಳ ತೊಳೆದೆ. ಅತ್ತೆ ಮಾತ್ರ ನಿಂಬೆಹಣ್ಣಿನ ಲೆಕ್ಕ ಇನ್ನೂ ಕೇಳುತ್ತಿದ್ದಾರೆ.