ಸಹಾಯ ಬೇಕು: ಸಿಒಪಿಡಿ ಪೇಷೆಂಟ್ ಮೊದಲೋ, ಥೈರಾಯ್ಡ್ ಆಪರೇಷನ್ ಆದವರು ಮೊದಲೋ?

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಮೆಡಿಕಲ್-ಸರ್ಜಿಕಲ್‌ನಲ್ಲಿ "ಯಾರನ್ನು ಮೊದಲು ನೋಡ್ತೀರಿ" ಅನ್ನೋ ಪ್ರಶ್ನೆ ಬಂದರೆ ತಲೆ ಕೆಡುತ್ತದೆ.

ಮೇಡಂ ಕೊಟ್ಟ ಕೇಸ್ ಇದು. ಒಬ್ಬರಿಗೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ. 89. ಇನ್ನೊಬ್ಬರಿಗೆ ನಿನ್ನೆ ಥೈರಾಯ್ಡ್ ಪೂರ್ತಿ ತೆಗೆದಿದ್ದಾರೆ. ಬಿಪಿ, ಪಲ್ಸ್ ಸರಿ ಇದೆ. "ತುಟಿ ಸುತ್ತ ಜುಮ್ ಅನ್ನುತ್ತೆ ಸಿಸ್ಟರ್" ಅಂತಾರೆ, ಅಷ್ಟೇ. ಸರಿ ಉತ್ತರ ಎರಡನೆಯವರು.

ಕಾರಣ ಓದಿ ತಿಳಿದುಕೊಂಡೆ. ಸಿಒಪಿಡಿಯಲ್ಲಿ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಥೈರಾಯ್ಡ್ ತೆಗೆಯುವಾಗ ಅದರ ಹಿಂದೆಯೇ ಇರುವ, ಕ್ಯಾಲ್ಸಿಯಂ ಕಾಪಾಡುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿಯುತ್ತದೆ, ಜುಮ್ ಅನ್ನೋದು ಅದರ ಮೊದಲ ಸುಳಿವು. ಜಾಸ್ತಿ ಇಳಿದರೆ ಗಂಟಲು ಬಿಗಿದು ಉಸಿರೇ ಕಟ್ಟಬಹುದು. ಬಿಪಿ ಕಫ್ ಏರಿಸಿ 3 ನಿಮಿಷ ಹಿಡಿದಾಗ ಕೈಬೆರಳು ಸೆಟೆದುಕೊಳ್ಳುತ್ತದಾ ನೋಡಬೇಕು, ಕ್ಯಾಲ್ಸಿಯಂ ಏರಿಸುವ ಇಂಜೆಕ್ಷನ್ ಕ್ಯಾಲ್ಸಿಯಂ ಗ್ಲುಕೋನೇಟ್ ಹತ್ತಿರ ಇರಬೇಕು. ಇಲ್ಲಿವರೆಗೆ ಓಕೆ.

ಸಿಕ್ಕಿಹಾಕಿಕೊಂಡಿರೋದು ಮುಂದೆ. ಎಬಿಸಿ ನಿಯಮ (ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ) ಹಾಕಿದೆ, ಹಳೇ ತೊಂದರೆಗಿಂತ ಹೊಸದು ಮೊದಲು ಅನ್ನೋದನ್ನೂ ಹಾಕಿದೆ. ಅದೇ ಸಿಒಪಿಡಿ ಪೇಷೆಂಟ್‌ಗೆ 84 ಇದ್ದು, ಮಾತಾಡಲಾಗದೆ ಏದುಸಿರು ಬಿಡುತ್ತಿದ್ದರೆ? ಆಗ ಒಬ್ಬರಿಗೆ ಉಸಿರಿನ ತೊಂದರೆ ಈಗಲೇ ಇದೆ, ಇನ್ನೊಬ್ಬರಿಗೆ ಬರಬಹುದು. ಗೈಡ್‌ಗಳಲ್ಲಿ ಸುಮ್ನೆ ಉತ್ತರ ಕೊಟ್ಟು ಬಿಡುತ್ತಾರೆ.

ವಾರ್ಡ್‌ನಲ್ಲಿರುವ ಸೀನಿಯರ್ ಸಿಸ್ಟರ್, ಬ್ರದರ್‌ಗಳೇ, ಹೀಗಾದಾಗ ನೀವು ಮೊದಲು ಯಾರ ಹಾಸಿಗೆ ಹತ್ತಿರ ಹೋಗ್ತೀರಿ? ಅದನ್ನು ಯಾವ ಲಕ್ಷಣ ನೋಡಿ ತೀರ್ಮಾನ ಮಾಡ್ತೀರಿ?