ಯೆಜ್ಡಿ, ಜಾವಾ ಗಾಡಿಗಳು: ಹುಬ್ಬಳ್ಳಿಯ ಮಿಸ್ತ್ರಿಯವರಿಗೆ ಪ್ರಶ್ನೆ

ಗದಗ: ನಮಸ್ಕಾರ ಕಾಕಾ. ಅಪ್ಪನ ಕಾಲದ ಯೆಜ್ಡಿ 250 ಇದೆ. ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕಬೇಕು?

ಮಿಸ್ತ್ರಿ: ಲೀಟರಿಗೆ 40 ಮಿ.ಲೀ. ಟು-ಟಿ (ಟು-ಸ್ಟ್ರೋಕ್ ಇಂಜಿನ್ನಿನ ಆಯಿಲ್). ಬೇರೆ ಡಬ್ಬಿಯಲ್ಲಿ ಕಲಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ.

ಧಾರವಾಡ: ಕಿಕ್ಕರೇ ಗೇರ್ ಲಿವರ್ ಎಂದರೆ ಮಗಳು ನಂಬುತ್ತಿಲ್ಲ.

ಮಿಸ್ತ್ರಿ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಬಂದರೆ ಗೇರ್. ಗೇರ್ ಬದಲಿಸುವಾಗ ಕ್ಲಚ್ಚನ್ನೂ ಅದೇ ಬಿಡಿಸುತ್ತದೆ. ತೋರಿಸಿ, ನಂಬುತ್ತಾಳೆ.

ಹಾವೇರಿ: 6 ವೋಲ್ಟ್ ಹೆಡ್‌ಲೈಟ್ ಮಿಣುಕುತ್ತದೆ. 12 ಮಾಡಿಸಬಹುದೇ?

ಅಣ್ಣಿಗೇರಿ: ಕಾಕಾ, ನಿನ್ನೆ ಗದಗದಿಂದ ಬರುವಾಗ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಓಡಿತು. ಕಾರ್ಬೊರೇಟರಿನಲ್ಲಿ ಪೆಟ್ರೋಲು ಇಳಿಸುವ ಜೆಟ್ ಬದಲಿಸು ಎನ್ನುತ್ತಾರೆ.

ಮಿಸ್ತ್ರಿ: ಜೆಟ್ ಮುಟ್ಟಬೇಡಿ, ಗಾಡಿಯನ್ನೂ ಹೊರಗೆ ತೆಗೆಯಬೇಡಿ. ಟು-ಸ್ಟ್ರೋಕಿನ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ ಕೆಳಗಿನ ಕೋಣೆ, ಕಮ್ಮಾರನ ತಿದಿ ಇದ್ದಂತೆ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು-ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಳಿದಾಗ ಅದುಮಿ ಸಿಲಿಂಡರಿಗೆ ದೂಡುತ್ತದೆ. ತಿದಿಗೆ ತೂತು ಬಿದ್ದರೆ ಬರಿಯ ಗಾಳಿ ನುಗ್ಗುತ್ತದೆ. ನನ್ನ ಅನುಮಾನ ಬಲಗಡೆ ಡೈನಮೋ ಹಿಂದೆ ಗಾಳಿ ತಡೆಯುವ ಆಯಿಲ್ ಸೀಲಿನ ಮೇಲೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದರ ರಬ್ಬರ್ ಕೊಬ್ಬರಿ ಚಿಪ್ಪಿನಂತೆ ಗಟ್ಟಿಯಾಗಿರುತ್ತದೆ. (ಎಡಗಡೆಯದು ಹೋಗಿದ್ದರೆ ಗೇರ್ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ ಕಾರುತ್ತಿತ್ತು.) ಗಾಳಿ ಹೆಚ್ಚಾದಷ್ಟೂ ಪೆಟ್ರೋಲು ಕಡಿಮೆ, ಅದರಲ್ಲೇ ಬರಬೇಕಾದ ಆಯಿಲೂ ಕಡಿಮೆ. ಕೊನೆಗೆ ಪಿಸ್ಟನ್ ಕಚ್ಚಿ, ಓಡುವ ಗಾಡಿಯ ಹಿಂದಿನ ಚಕ್ರ ಬಿಗಿದು ನಿಲ್ಲುತ್ತದೆ.

ಪ್ಲಗ್ ಬಿಚ್ಚಿ ನೋಡಿ. ತುದಿ ಚಹಾದ ಬಣ್ಣವಿರಬೇಕು. ಸುಣ್ಣ ಬಳಿದಂತಿದ್ದರೆ ಹೇಳಿ. ಕಾರ್ಬೊರೇಟರ್, ಸೈಲೆನ್ಸರ್ ಬಾಯಿಗಳನ್ನು ಮುಚ್ಚಿ 5–6 ಪಿಎಸ್‌ಐ ಗಾಳಿ ತುಂಬಿ, ಸಾಬೂನು ನೀರು ಹಚ್ಚುತ್ತೇನೆ. ಗುಳ್ಳೆ ಎದ್ದ ಕಡೆ ತೂತು.

ನವಲಗುಂದ: ಫಾರ್ವರ್ಡ್ ಬಂದಿದೆ: "ಟ್ಯಾಂಕಿಗೆ ಎರಡು ಡಾಂಬರು ಗುಳಿಗೆ ಹಾಕಿ, ಆಯಿಲ್ ದುಪ್ಪಟ್ಟು ಮಾಡಿ, ಇಂಜಿನ್ ಎಂದೂ ಸೀಜ್ ಆಗದು."

ಮಿಸ್ತ್ರಿ: ಗುಳಿಗೆ ಸೀರೆಯ ಟ್ರಂಕಿಗೆ. ಆಯಿಲ್ ದುಪ್ಪಟ್ಟಾದರೆ ಅದೇ ಜೆಟ್ಟಿನಲ್ಲಿ ಇಳಿಯುವ ಪೆಟ್ರೋಲು ಕಡಿಮೆಯಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಇದನ್ನು ಬರೆದವನು ನಿಮ್ಮ ಪಿಸ್ಟನ್ನಿನ ದುಡ್ಡು ಕೊಡುತ್ತಾನೆಯೇ?

ಕೇಶ್ವಾಪುರ: ನಮ್ಮ ಯಮಹಾ ಆರ್‌ಎಕ್ಸ್ 100ಕ್ಕೆ ಈ ರಗಳೆ ಇಲ್ಲ. ಆಯಿಲನ್ನು ಪಂಪೇ ಹಾಕುತ್ತದೆ.

ಧಾರವಾಡ: 98 ಸಿಸಿಯವರು ಎರಡು ಸೈಲೆನ್ಸರಿನ ಗಾಡಿಯ ಬಗ್ಗೆ ಮಾತನಾಡಬಾರದು.

ಕೇಶ್ವಾಪುರ: ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ! ನಿಮ್ಮ ಮೈಸೂರು ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು.

ಧಾರವಾಡ: ನಿಮ್ಮ ಆರ್‌ಎಕ್ಸ್ 100 ಯಾವಾಗ ನಿಂತಿತು? ಅದೂ 1996ರಲ್ಲೇ.

ಕೇಶ್ವಾಪುರ: ಉಣಕಲ್ ಏರಿನಲ್ಲಿ ಸಿಗಿ, ತೋರಿಸುತ್ತೇನೆ.

ಶಿಗ್ಗಾವಿ: ಕಾಕಾ, ಲೀಟರಿಗೆ ಆಯಿಲ್ ಎಷ್ಟು?

ಮಿಸ್ತ್ರಿ: ಮೇಲೆ ಬರೆದಿದೆ.

ನವಲಗುಂದ: ಗುಳಿಗೆಯಿಂದ ನನ್ನ ಗಾಡಿ ಚೆನ್ನಾಗಿಯೇ ಓಡುತ್ತಿದೆ.

ಮಿಸ್ತ್ರಿ: ಹಾಗಾದರೆ ಇಲ್ಲಿ ಏಕೆ ಕೇಳಿದಿರಿ?

ಅಣ್ಣಿಗೇರಿ: ಪ್ಲಗ್ ತುದಿ ಬೆಳ್ಳಗಿದೆ ಕಾಕಾ. ನಿಧಾನವಾಗಿ ಓಡಿಸಿಕೊಂಡು ಹುಬ್ಬಳ್ಳಿಗೆ ಬರಲೇ?

ಮಿಸ್ತ್ರಿ: ಬೇಡ ಎಂದು ಎಷ್ಟು ಸಲ ಹೇಳಲಿ? ಟಂಟಂನಲ್ಲಿ ಹೇರಿಕೊಂಡು ಬನ್ನಿ.

ಗಬ್ಬೂರು: ಆಯಿಲ್ ಎಷ್ಟು ಹಾಕಬೇಕು ಅಣ್ಣಾ?

ಮಿಸ್ತ್ರಿ: ನಲವತ್ತು.

ಹಾವೇರಿ: ಹೆಡ್‌ಲೈಟಿನ ವಿಷಯ ಕೇಳಿದ್ದೆ...