ಸಹಾಯ ಬೇಕು: ಲಿವರ್ ಕಸಿ ಆದವರಿಗೆ ಮನೆ ಮೊಸರು ಯಾವಾಗ ಶುರು ಮಾಡಿದಿರಿ?

ಎಲ್ಲರಿಗೂ ನಮಸ್ಕಾರ. ನಾವು ರಾಜಾಜಿನಗರದವರು. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾದು, ಅಪ್ಪನಿಗೆ ಲಿವರ್ ಕಸಿಯಾಗಿ ಇವತ್ತಿಗೆ 6 ವಾರ. ದಾನ ಕೊಟ್ಟ ಮನೆಯವರನ್ನು ನೆನೆಯದ ದಿನವಿಲ್ಲ.

ಕಸಿಗೆ ಮುಂಚೆ ರಕ್ತದಲ್ಲಿ ಅಮೋನಿಯಾ ಏರಿ ಅಪ್ಪ ನನ್ನ ಹೆಸರನ್ನೇ ಮರೆತಿದ್ದರು. ಕರುಳಿನ ಬ್ಯಾಕ್ಟೀರಿಯಾಗಳೂ ಅಮೋನಿಯಾ ಹುಟ್ಟಿಸುತ್ತವೆ, ಲ್ಯಾಕ್ಟುಲೋಸ್ ಸಿರಪ್ಪು, ರಿಫಾಕ್ಸಿಮಿನ್ ಮಾತ್ರೆ ಅದನ್ನು ತಗ್ಗಿಸೋಕೇ ಅಂತ ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು. ಲಿವರ್‌ಗೆ ಹೋಗುವ ರಕ್ತದಲ್ಲಿ ನೂರಕ್ಕೆ ಸುಮಾರು 75 ಭಾಗ ಪೋರ್ಟಲ್ ರಕ್ತನಾಳದಿಂದ, ಅಂದರೆ ಹೆಚ್ಚಾಗಿ ಕರುಳಿನ ಕಡೆಯಿಂದಲೇ ಬರುತ್ತಂತೆ. ಹಾಗಾಗಿ ಹೊಸ ಲಿವರ್‌ಗೂ ಹೊಟ್ಟೆ ಸರಿಯಿರಬೇಕು.

ಹೋದ ವಾರ ಭೇದಿ ಶುರುವಾಗಿ ರಕ್ತದಲ್ಲಿ ಟ್ಯಾಕ್ರೋಲಿಮಸ್ (ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ) ಮಟ್ಟ ಏರಿತು, ಡೋಸ್ ಇಳಿಸಿದರು. ತುಂಬಾ ಹೆದರಿಬಿಟ್ಟೆವು. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ಪ್ರೋಬಯೋಟಿಕ್ ಪುಡಿ ಕೊಡಿ ಅಂತ ನೆಂಟರೆಲ್ಲ ಹೇಳುತ್ತಾರೆ. ಡಾಕ್ಟರು ಸದ್ಯಕ್ಕೆ ಬೇಡವೇ ಬೇಡ ಅಂದಿದ್ದಾರೆ: ರೋಗನಿರೋಧಕ ಶಕ್ತಿ ತಗ್ಗಿಸಿರುವಾಗ ಆ ಜೀವಂತ ಬ್ಯಾಕ್ಟೀರಿಯಾದಿಂದಲೇ ಸೋಂಕಾಗಬಹುದಂತೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರೂ ಇಲ್ಲ. ಅವರ ಮಾತು ಮೀರಲ್ಲ.

ಆದರೆ ಅಪ್ಪ ಊಟದ ಕೊನೆಗೆ ಅನ್ನ ಕಲಸಿ, ಮಜ್ಜಿಗೆಗೆ ಮಧ್ಯೆ ಗುಳಿ ಮಾಡಿಕೊಂಡು ಕೂತುಬಿಡುತ್ತಾರೆ. ನೋಡಲಾಗಲ್ಲ.

ಕಸಿಯಾದವರು, ನೋಡಿಕೊಂಡವರು ದಯವಿಟ್ಟು ಹೇಳಿ. ನಿಮಗೆ ಎಷ್ಟು ತಿಂಗಳಿಗೆ ಮೊಸರು ಬಿಟ್ಟರು? ಅಲ್ಲಿಯವರೆಗೆ ಹೊಟ್ಟೆಗೆ ಹಿತವಾಗಿ ಏನು ಕೊಟ್ಟಿರಿ? ಕಸಿ ರೋಗಿಗಳನ್ನು ನೋಡುವ, ಕನ್ನಡದಲ್ಲೇ ಅಪ್ಪನ ಜೊತೆ ಮಾತಾಡುವ ಡಯಟಿಷಿಯನ್ ಗೊತ್ತಿದ್ದರೆ ಮೆಸೇಜ್ ಮಾಡಿ. ಮುಂದಿನ ಚೆಕಪ್ ಸೋಮವಾರ, ಅಷ್ಟರೊಳಗೆ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ.